ಚಂದಪ್ಪ ಮುಖಕ್ಕೆ ಲೇಪ ಹಚ್ಚಿಸಿಕೊಂಡಿದ್ದು

ಇತ್ಲಾಗೆ ತಿರುಗು ನೋಡೋಣ. ಉರಿ ಕಮ್ಮಿ ಆಯ್ತಾ? ಆಗತ್ತೆ, ಕೊಬ್ಬರಿ ಎಣ್ಣೆ ಹಚ್ಚಿದೀನಲ್ಲ. ನಿಮ್ಮ ಚಿಕ್ಕಮ್ಮನ ಡಬ್ಬಿ ತೆಗೆದು ಗೋಡೆಗೆ ಸುಣ್ಣ ಬಳಿದ ಹಾಗೆ ಮುಖಕ್ಕೆ ಬಳ್ಕೊಂಡ್ರೆ ಉರೀದೆ ಇನ್ನೇನಾಗತ್ತೆ? ಆಯ್ತು ಆಯ್ತು, ಬೈಯಲ್ಲ. ಸಂಜೆ ನೀನು ಬಾಗಿಲಲ್ಲಿ ನಿಂತಾಗ ಈ ಅಜ್ಜಿ ಯಾರವ್ವಾ ನೀನು ಅಂತ ಕೇಳಿದಳು ಅಂತ ಇನ್ನೂ ಮುನಿಸಾ? ಅದನ್ನ ಆಮೇಲೆ ಹೇಳ್ತೀನಿ. ಕಿಟಕಿ ಕಡೆ ಏನು ನೋಡ್ತೀಯ, ಇವತ್ತು ಅಮಾವಾಸ್ಯೆ, ಚಂದಪ್ಪ ಬರಲ್ಲ. ಯಾಕೆ ಬರಲ್ಲ ಅನ್ನೋದೇ ಇವತ್ತಿನ ಕತೆ. ಕಣ್ಣು ಮುಚ್ಚು, ಹೂಂ ಅಂತಿರು.

ಒಂದಾನೊಂದು ಕಾಲದಲ್ಲಿ, ಅಂದ್ರೆ ಚಂದಪ್ಪ ಇನ್ನೂ ತೆಂಗಿನಮರದ ಎತ್ತರದಲ್ಲೇ ಓಡಾಡ್ಕೊಂಡಿದ್ದ ಕಾಲದಲ್ಲಿ, ಅರಿಶಿನಕೆರೆ ಅಂತ ಒಂದೂರಿತ್ತಂತೆ. ಆವಾಗ ಅಮಾವಾಸ್ಯೆ ಅನ್ನೋದೇ ಇರಲಿಲ್ಲವಂತೆ. ದಿನಾ ಸಂಜೆ ಚಂದಪ್ಪ ರೊಟ್ಟಿ ತಟ್ಟಿದ ಹಾಗೆ ದುಂಡಗೆ ಬರೋನು, ಕೆರೆ ಏರಿ ಮೇಲೆ ಒಂದು ಸುತ್ತು ಹಾಕೋನು, ತೆಂಗಿನ ಗರಿ ಮೇಲೆ ಕೂತು ಊರವರ ಮಾತು ಕೇಳಿಸ್ಕೊಂಡು, ನಡುರಾತ್ರಿ ಕಳೆದ ಮೇಲೆ ಮನೆಗೆ ಹೋಗೋನು.

ಆ ಊರಲ್ಲಿ ಕೆರೆ ಪಕ್ಕದ ಮನೇಲಿ ಸಾಕವ್ವ ಅಂತ ಒಬ್ಬಳಿದ್ದಳಂತೆ. ಮದುವೆ ಹೆಣ್ಣುಗಳ ಮುಖಕ್ಕೆ ಲೇಪ ಅರೆದು ಹಚ್ಚೋದು ಅವಳ ಕಸುಬು. ಅವಳ ತಾಯಿ ಕಲಿಸಿ ಹೋಗಿದ್ದು. ಜಿಡ್ಡು ಮುಖದವಳು ಬಂದ್ರೆ ಕಡಲೆಹಿಟ್ಟು, ಒಣಗಿ ಬಿರಿದ ಮುಖದವಳಿಗೆ ಹಾಲಿನ ಕೆನೆ, ಮೊಡವೆ ಎದ್ದವಳಿಗೆ ಬೇವು, ಬಿಸಿಲಲ್ಲಿ ಕಳೆ ಕಿತ್ತು ಕಂದಿದವಳಿಗೆ ಲೋಳೆಸರ. ಒಬ್ಬಳಿಗೆ ಒಗ್ಗಿದ್ದು ಇನ್ನೊಬ್ಬಳಿಗೆ ಒಗ್ಗಲ್ಲ ಕಣೇ, ಅವರವರ ಚರ್ಮ ಅವರವರಿಗೆ. ಅದಕ್ಕೇ ಸಾಕವ್ವನ ತಾಯಿ ಒಂದು ಕಟ್ಟಳೆ ಮಾಡಿದ್ದಳಂತೆ. ಲೇಪ ಯಾವುದೇ ಆಗಲಿ, ಹಚ್ಚಿಸಿಕೊಳ್ಳೋಳು ದೊರೆ ಮಗಳೇ ಆಗಲಿ, ಮೊದಲು ಮೊಣಕೈ ಒಳಮಗ್ಗುಲಿಗೆ ಒಂದು ಬೊಟ್ಟು ಇಟ್ಟು ರಾತ್ರಿ ಕಳೀಬೇಕು. ಬೆಳಗ್ಗೆ ಎದ್ದಾಗ ಕಡಿತ ಇಲ್ಲ, ಕೆಂಪಾಗಿಲ್ಲ ಅಂದ್ರೆ ಮಾತ್ರ ಮುಖ ಮುಟ್ಟಬೇಕು. ಆ ಊರಲ್ಲಿ ಯಾವಳಾದ್ರೂ ನೀರಿಗೆ ಬಂದು ಕೊಡ ಎತ್ತುವಾಗ ಮೊಣಕೈ ಒಳಗೆ ಹಳದಿ ಬೊಟ್ಟು ಕಂಡರೆ ಸಾಕು, ಓಹೋ ಇವಳ ಮದುವೆ ಗೊತ್ತಾಗಿದೆ ಅಂತ ಮಿಕ್ಕವರು ಕಿಸಿಕಿಸಿ ನಗೋರಂತೆ.

ಸಾಕವ್ವನ ಕೈ ಒಳ್ಳೇದು, ಆದರೆ ಬಾಯಿ ಸ್ವಲ್ಪ ಉದ್ದ. ಹೆಣ್ಣಿನ ಮುಖ ತೊಳೆದು ಒರೆಸಿ ಕನ್ನಡಿ ಹಿಡಿದು ನೆರೆದವರ ಮುಂದೆ ದೊಡ್ಡ ಗಂಟಲಲ್ಲಿ ಹೇಳೋಳಂತೆ, ನೋಡ್ರೇ, ಆ ಚಂದ್ರನಿಗಾದ್ರೂ ಕಲೆ ಇದೆ, ನನ್ನ ಕೈ ಬಿದ್ದ ಮುಖಕ್ಕೆ ಇಲ್ಲ ಅಂತ. ಎಲ್ಲರೂ ಹೌದು ಹೌದು ಅನ್ನೋರು. ಪ್ರತಿ ಮದುವೇಲೂ ಅದೇ ಮಾತು. ತೆಂಗಿನ ಗರಿ ಮೇಲೆ ಕೂತೋನು ಅದನ್ನ ಕೇಳಿಸ್ಕೊಂಡು ಕೆನ್ನೆಗೆ ಮೋಡ ಎಳ್ಕೊಳ್ಳೋನಂತೆ. ಪಾಪ, ಅವನಿಗೂ ಮನಸ್ಸು ಇರಲ್ವಾ.

ಸಾಕವ್ವನಿಗೆ ಒಬ್ಬನೇ ಮಗ, ಮಾದು. ಮದುವೆಯಾಗಿ ಎಷ್ಟೋ ವರ್ಷಕ್ಕೆ, ಕಂಡ ದೇವರಿಗೆಲ್ಲ ಕೈಮುಗಿದ ಮೇಲೆ ಹುಟ್ಟಿದ ಕೂಸು. ಆವಾಗ ತಾನೇ ಎದೆಹಾಲು ಬಿಡಿಸಿದ್ದಳು. ಆ ಮಗು ಹಗಲೆಲ್ಲ ಏನು ಇಟ್ಟರೂ ಥೂ ಅಂತ ಉಗಿಯೋದು. ಸಂಜೆ ಸೊಂಟದ ಮೇಲೆ ಕೂರಿಸ್ಕೊಂಡು ಹಿತ್ತಲಿಗೆ ಬಂದು, ಚಂದಪ್ಪನ್ನ ತೋರಿಸಿ, ಕಿವೀಲಿ ಏನೋ ಪಿಸುಗುಟ್ಟಿದರೆ ಮಾತ್ರ ಬಾಯಿ ತೆಗೆಯೋದು. ಹಾಲನ್ನದ ಬಟ್ಟಲು ಆ ಹೊತ್ತಿಗೆ ಖಾಲಿಯಾದರೆ ಆಯ್ತು, ಇಲ್ಲಾಂದ್ರೆ ಮಾರನೇ ಸಂಜೆವರೆಗೂ ಉಪವಾಸ. ಆ ಬಟ್ಟಲು ಖಾಲಿ ಆಗೋದನ್ನ ನೋಡೋದೇ ಸಾಕವ್ವನ ಪಾಲಿಗೆ ಹಬ್ಬ ಆಗಿತ್ತಂತೆ.

ಒಂದು ಸಂಜೆ ಹಿಂಗೇ ಮಗುವಿಗೆ ಉಣ್ಣಿಸಿ ಮಲಗಿಸಿ ಹಿತ್ತಲಿಗೆ ಬಂದ್ರೆ, ಚಂದಪ್ಪ ಮರದಿಂದ ಇಳಿದು ಬಾವಿಕಟ್ಟೆ ಮೇಲೆ ಕೂತಿದಾನೆ. ಹಿತ್ತಲೆಲ್ಲ ಹಾಲು ಚೆಲ್ಲಿದಂಗೆ. ಬುಟ್ಟಿ ಕೆಳಗಿದ್ದ ಹುಂಜ ಬೆಳಗಾಯ್ತು ಅಂದ್ಕೊಂಡು ಕೂಗೇ ಬಿಡ್ತಂತೆ. ಸಾಕವ್ವ ಗಾಬರಿಯಾಗಿ ಕೈಮುಗಿದಳು. ಚಂದಪ್ಪ ತಲೆ ತಗ್ಗಿಸಿ ಮೆಲ್ಲಗೆ ಅಂದನಂತೆ, ಅಕ್ಕಾ, ನನ್ನ ಕಲೆ ತೆಗೆದುಕೊಡು, ಊರ ಹೆಣ್ಣುಗಳದ್ದೆಲ್ಲ ತೆಗೀತೀಯ, ನನ್ನದೂ ತೆಗಿ.

ಸಾಕವ್ವನಿಗೆ ನಾಚಿಕೆಯೂ ಆಯ್ತು, ಅಯ್ಯೋ ಪಾಪ ಅಂತಲೂ ಅನ್ನಿಸ್ತು. ಅದರ ಹಿಂದೇನೇ ಇನ್ನೊಂದು ಆಸೆ ಎದ್ದು ಕೂತ್ಕೊಳ್ತಂತೆ. ಚಂದ್ರನಿಗೇ ಲೇಪ ಹಚ್ಚಿದೋಳು ಅಂದ್ರೆ ಸಾಮಾನ್ಯಾನಾ! ಸೆರಗು ಸಿಕ್ಕಿಸ್ಕೊಂಡು ಹತ್ತಿರ ಹೋದಳು. ಎಲ್ಲಿ, ಮೊಣಕೈ ಕೊಡು ಅಂದಳು. ಚಂದಪ್ಪ ಮೇಲೆ ನೋಡಿದ, ಕೆಳಗೆ ನೋಡಿದ. ಮೊಣಕೈ ಎಲ್ಲಿಂದ ತರೋದು? ಅವನು ಬರೀ ಮುಖ ಅಲ್ವಾ! ಸಾಕವ್ವ ಸುತ್ತ ನೋಡಿದಳು, ಕೈಯೂ ಇಲ್ಲ ಕಾಲೂ ಇಲ್ಲ. ತಾಯಿ ಕಟ್ಟಳೆ ಮೊಣಕೈ ಇರೋರಿಗೆ, ಇವನಿಗೆ ಇಲ್ಲವಲ್ಲ, ಹಂಗಾದ್ರೆ ನೇರ ಮುಖಕ್ಕೇ ಹಚ್ಚೋದು ಅಂತ ತಾನೇ ತೀರ್ಮಾನ ಮಾಡಿಬಿಟ್ಟಳಂತೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಅಂದಿಲ್ಲ.

ಆಮೇಲೆ ಕಡಲೆಹಿಟ್ಟಿಗೆ ಅಕ್ಕಿತರಿ ಬೆರೆಸಿ, ಮೊಸರಲ್ಲಿ ಕಲಸಿ, ತೆಂಗಿನನಾರು ತಗೊಂಡು ಉಜ್ಜೋಕೆ ಶುರು ಮಾಡಿದಳಂತೆ. ಉಜ್ಜಿದಳು, ಉಜ್ಜಿದಳು, ಹಿತ್ತಾಳೆ ಹಂಡೆ ಉಜ್ಜಿದ ಹಾಗೆ ಉಜ್ಜಿದಳು. ಕಲೆ ಮಾತ್ರ ಅಲ್ಲಾಡಲಿಲ್ಲ. ಕೈ ಸೋತು ನೀರು ಹಾಕಿ ತೊಳೆದು ನೋಡ್ತಾಳೆ, ಚಂದಪ್ಪನ ಒಂದು ಮಗ್ಗುಲು ಸವೆದೇ ಹೋಗಿದೆ, ಇಲಿ ತಿಂದ ರೊಟ್ಟಿ ಥರ! ಮಾರನೇ ಸಂಜೆ ಊರವರೆಲ್ಲ ಇದೇನಪ್ಪಾ ಚಂದಪ್ಪನ ಅಂಚು ಎಲ್ಲೋಯ್ತು ಅಂತ ಕತ್ತೆತ್ತಿ ನಿಂತರಂತೆ. ಸಾಕವ್ವ ತನಗೇನೂ ಗೊತ್ತಿಲ್ಲದೋಳ ಹಾಗೆ ಮಗುವಿಗೆ ತುತ್ತು ಇಟ್ಟಳು. ಮಾದು ಚಂದಪ್ಪನ್ನ ನೋಡಿದ, ಸ್ವಲ್ಪ ಯೋಚನೆ ಮಾಡಿದ, ಬಾಯಿ ತೆಗೆದ. ಸದ್ಯ.

ಚಂದಪ್ಪ ಮತ್ತೆ ಬಂದ. ಅಂಚು ಹೋದರೆ ಹೋಗಲಿ, ಕಲೆ ಹೋಗಬೇಕು ಅಂದ. ಸಾಕವ್ವ ಈ ಸಲ ನಿಂಬೆಹುಳಿ ಹಿಂಡಿ, ಅದಕ್ಕೆ ಅರಿಶಿನ ಕಲಸಿ, ದಪ್ಪಗೆ ಹಚ್ಚಿ ಕೂರಿಸಿದಳಂತೆ. ಸವೆದ ಚರ್ಮದ ಮೇಲೆ ಹುಳಿ ಬಿದ್ರೆ ಕೇಳಬೇಕಾ! ಚಂದಪ್ಪ ಹಲ್ಲು ಕಚ್ಚಿ ಕೂತ. ತೊಳೆದ ಮೇಲೆ ನೋಡಿದ್ರೆ ಮುಖವೆಲ್ಲ ಕೆಂಡದ ಹಾಗೆ ಕೆಂಪು, ಗಂದೆ ಎದ್ದ ಹಾಗೆ ದದ್ದು, ಕಲೆ ಮೊದಲಿಗಿಂತ ಕಪ್ಪು. ಮಾರನೇ ಸಂಜೆ ಅವನು ಕೆಂಪಗೆ ಮೇಲೆದ್ದಾಗ ಊರ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವಂತೆ. ಮಾದು ಹೆದರಿ ಅವ್ವನ ಕತ್ತಿಗೆ ಮುಖ ಹುದುಗಿಸಿದ. ಬೆರಳ ಸಂದೀಲಿ ಇಣುಕಿ ಇಣುಕಿ ನೋಡಿ, ಹೂಂ ಇವನೇ ಅಂತ ಆದಮೇಲೆ ಅರ್ಧ ಬಟ್ಟಲು ಉಂಡ.

ನಿದ್ದೆ ಬಂತಾ? ಇಲ್ಲವಾ? ಸರಿ, ಕಾಲು ಹೊದ್ದುಕೋ.

ಸಾಕವ್ವನ ಗಂಡ ಜವರ ಅಂತ. ಹೆಂಡತಿ ಅರೆದ ಲೇಪಾನ ಗಾಡೀಲಿ ಹಾಕ್ಕೊಂಡು ಊರೂರು ತಿರುಗಿ ಮಾರೋನು. ಆ ದಿನ ದೂರದ ಪೇಟೆಯಿಂದ ವಾಪಸ್ ಬಂದ. ಬರುವಾಗ ಹೆಂಡತಿಗೆ ಅಂತ ಒಂದು ಡಬ್ಬಿ ತಂದಿದ್ದನಂತೆ. ಮುಚ್ಚಳದ ಮೇಲೆ ತಾವರೆ ಹಿಡಿದ ಹೆಣ್ಣಿನ ಚಿತ್ರ, ತೆಗೆದರೆ ಘಮ್ ಅಂತ ಪರಿಮಳ, ಒಳಗೆ ಬೆಣ್ಣೆಗಿಂತ ಬೆಳ್ಳಗಿನ ಮೆತ್ತು. ಹಚ್ಚಿದ ಗಳಿಗೇಲೇ ಮುಖ ಹಾಲಾಗತ್ತೆ ಅಂದನಂತೆ ಪೇಟೆ ವ್ಯಾಪಾರಿ. ಇದರೊಳಗೆ ಏನೇನು ಹಾಕಿದಾರೆ ಅಂತ ಸಾಕವ್ವ ಕೇಳಿದಳು. ನಾನೂ ಕೇಳಿದೆ ಕಣೇ, ಅವನು ಬರೀ ನಕ್ಕ ಅಂದ ಜವರ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಅವಳ ತಾಯಿ ಇದ್ದಿದ್ರೆ ಹೇಳೋಳು. ಸಾಕವ್ವನಿಗೂ ಆ ಮಾತು ನೆನಪಾಯ್ತಂತೆ. ಆದರೆ ಬಾವಿಕಟ್ಟೆ ಮೇಲೆ ಸವೆದು ಕೆಂಪಾಗಿ ಕೂತೋನನ್ನ ನೋಡಿದ್ರೆ ತಡೆಯೋಕೆ ಆಗಲಿಲ್ಲ. ಕೆಡಿಸಿದೋಳು ನಾನೇ, ಸರಿ ಮಾಡಬೇಕಾದೋಳೂ ನಾನೇ ಅಂತ ಡಬ್ಬಿಗೆ ಬೆರಳು ಹಾಕಿದಳು.

ಮೆತ್ತಿದಳು. ಸವೆದ ಕಡೆ ತುಂಬಿ ಮೆತ್ತಿದಳು, ಕೆಂಪಾದ ಕಡೆ ಮುಚ್ಚಿ ಮೆತ್ತಿದಳು, ಕಲೆ ಮೇಲಂತೂ ಡಬ್ಬಿ ಬಳಿದು ಮೆತ್ತಿದಳು. ಚಂದಪ್ಪ ಎದ್ದು ಕೆರೆ ಹತ್ತಿರ ಹೋಗಿ ನೀರಲ್ಲಿ ಮುಖ ನೋಡ್ಕೊಂಡ. ದುಂಡಗೆ, ಬೆಳ್ಳಗೆ, ಒಂದು ಚುಕ್ಕೆ ಇಲ್ಲ! ಅವನಿಗೆ ಕಣ್ಣಲ್ಲಿ ನೀರು ಬಂತಂತೆ. ಹುಟ್ಟಿದಾಗಿಂದ ಇಷ್ಟು ಹೊತ್ತು ಅವನು ತನ್ನ ಮುಖ ನೋಡ್ಕೊಂಡಿರಲೇ ಇಲ್ಲ. ಮಾರನೇ ಸಂಜೆ ಮೇಲೆದ್ದು ಬಂದ್ರೆ ಊರಿಗೆ ಊರೇ ಅಬ್ಬಬ್ಬಾ ಅಂತು. ಸಾಕವ್ವನ ಎದೆ ಇಷ್ಟಗಲ ಆಯ್ತು. ಮಗನ್ನ ಎತ್ತಿ ಸೊಂಟದ ಮೇಲೆ ಇಟ್ಕೊಂಡು, ನೋಡು ಕಂದಾ ಚಂದಪ್ಪ ಎಷ್ಟು ಚಂದ ಆಗಿದಾನೆ ಅಂತ ತುತ್ತು ಎತ್ತಿದಳು.

ಮಾದು ನೋಡಿದ. ಕತ್ತು ಆ ಕಡೆ ವಾಲಿಸಿ ನೋಡಿದ, ಈ ಕಡೆ ವಾಲಿಸಿ ನೋಡಿದ. ಬಾಯಿ ಬಿಗಿಯಾಗಿ ಮುಚ್ಚಿದ. ಅವಳು ಕುಣಿಸಿದಳು, ಹಾಡಿದಳು, ಬೈದಳು, ಮುದ್ದು ಮಾಡಿದಳು, ಏನಂದ್ರೂ ಇಲ್ಲ. ಪಕ್ಕದ ಹಿತ್ತಲಲ್ಲೂ ಒಂದು ಕೂಸು ಅಳ್ತಾ ಇತ್ತು, ಅದರಾಚೆ ಹಿತ್ತಲಲ್ಲೂ ಅಳು. ಊರ ತುಂಬ ತಾಯಂದಿರು ಬಟ್ಟಲು ಹಿಡ್ಕೊಂಡು ನಿಂತಿದಾರೆ, ಒಂದು ಮಗುವೂ ಬಾಯಿ ತೆಗೀತಿಲ್ಲವಂತೆ. ಮಾರನೇ ಸಂಜೆಯೂ ಹಾಗೇ. ಅದರ ಮಾರನೇ ಸಂಜೆಯೂ ಹಾಗೇ. ಮಾದುವಿನ ಕೆನ್ನೆ ಒಳಕ್ಕೆ ಹೋಯ್ತು. ಸೊಂಟಕ್ಕೆ ಕಟ್ಟಿದ್ದ ಉಡಿದಾರ ಸಡಿಲ ಆಗಿ, ಅವನು ನಿಂತ್ಕೊಂಡ್ರೆ ಮೊಣಕಾಲಿಗೆ ಜಾರೋದು. ಸಾಕವ್ವ ಆ ದಾರ ಮತ್ತೆ ಮೇಲೆಳೆದು ದಿನಾ ಗಂಟು ಬಿಗಿ ಮಾಡೋಳಂತೆ. ಎಷ್ಟು ಹರಕೆ ಹೊತ್ತು ಪಡೆದ ಕೂಸು ಅದು!

ಓಡಿ ಹಿತ್ತಲಿಗೆ ಹೋಗಿ ಚಂದಪ್ಪನ್ನ ಕೂಗಿದಳು. ಅಪ್ಪಾ, ತೊಳೆದುಬಿಡೋಣ ಬಾ, ಮಗು ನಿನ್ನನ್ನ ಗುರುತು ಹಿಡೀತಿಲ್ಲ, ಊಟ ಬಿಟ್ಟಿದೆ ಅಂದಳು. ಚಂದಪ್ಪ ಕೆಳಗೆ ಇಳೀಲೇ ಇಲ್ಲ. ಅಲ್ಲಿಂದಲೇ ಅಂದ, ಅಕ್ಕಾ, ಕಲೆ ಕಲೆ ಅಂತ ಊರ ಮುಂದೆ ನನ್ನ ಆಡ್ಕೊಂಡೋಳು ನೀನು. ಈಗ ನನಗೂ ಒಂದು ಮುಖ ಬಂದಿದೆ, ಅದನ್ನ ತೊಳಿ ಅಂತೀಯಾ? ಒಳಗೆ ಕಡೀತದೆ, ಉರೀತದೆ, ಎಲ್ಲ ತಡ್ಕೊಂಡಿದೀನಿ. ತೊಳೆಯಲ್ಲ. ಇಷ್ಟು ಚಂದ ಇರೋನನ್ನ ನೋಡಿ ಉಣ್ಣದ ಮಗು ಇನ್ಯಾರನ್ನ ನೋಡಿ ಉಂಡೀತು?

ಅವನು ಹೇಳಿದ್ದು ನಿಜ, ಮಾಡಿದ್ದುಣ್ಣೋ ಮಹರಾಯ ಅಂತ ಸಾಕವ್ವ ತನ್ನನ್ನೇ ಬೈಕೊಂಡು ಅತ್ತಳಂತೆ. ಆಮೇಲೆ ಕಣ್ಣು ಒರೆಸ್ಕೊಂಡು, ಮಗನ್ನ ಹೆಗಲಿಗೆ ಹಾಕ್ಕೊಂಡು, ಇನ್ನೊಂದು ಕೈಲಿ ಹಾಲನ್ನದ ಬಟ್ಟಲು ಹಿಡ್ಕೊಂಡು ಕೆರೆಗೆ ಇಳಿದಳು. ಚಂದಪ್ಪ ಅಷ್ಟೊತ್ತಿಗೆ ಅಲ್ಲಿಗೇ ಬಂದು ನೀರಿನ ಮೇಲೆ ಬಗ್ಗಿ ಮುಖ ನೋಡ್ಕೊಳ್ತಿದ್ದ. ಅವಳು ಜಗಳಕ್ಕೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಮಗನ್ನ ನೀರಿನ ಅಂಚಿಗೆ ಬಿಟ್ಟಳಷ್ಟೆ.

ನೀರಲ್ಲಿ ಬೆಳ್ಳಗೆ ತೇಲ್ತಿದ್ದ ಮುಖಾನ ಮಾದು ನೋಡಿದ. ಪುಟ್ಟ ಕೈ ಹಾಕಿ ಕಲಕಿದ. ನೀರು ನಿಂತ ಮೇಲೆ ಮತ್ತೆ ನೋಡಿದ, ಮತ್ತೆ ಕಲಕಿದ, ಬುಟ್ಟಿ ಅಡಿಯಲ್ಲಿ ಕಳೆದ ಗೋಲಿ ಹುಡುಕೋರ ಹಾಗೆ ಆ ಬೆಳ್ಳನೇ ಕೆನ್ನೆಯೊಳಗೆ ಹುಡುಕಿದ. ಮೊಲಾ, ಮೊಲಾ ಅಂತ ಕರೆದ. ಆ ಮಗು ಬಾಯಲ್ಲಿ ಬಂದ ಮೊದಲನೇ ಮಾತಂತೆ ಅದು. ಕರೆದ್ರೂ ಬರಲಿಲ್ಲ ಅಂತ ತುಟಿ ಒತ್ತಿ ಬಿಕ್ಕಿದ.

ಚಂದಪ್ಪ ಕೇಳಿದ, ಅಕ್ಕಾ, ಇವನು ಏನು ಹುಡುಕ್ತಾನೆ?

ಸಾಕವ್ವ ಅಂದಳು, ನಿನ್ನ ಮೊಲಾನ ಕಣಪ್ಪಾ. ನಿನಗೆ ಗೊತ್ತಿಲ್ವಾ? ನಿನ್ನ ಕಲೆ ಅಂತೀಯಲ್ಲ, ಮಕ್ಕಳಿಗೆ ಅದು ಮೊಲ. ಅಗೋ ಚಂದಪ್ಪನ ಮನೇಲಿ ಮೊಲ ಕೂತಿದೆ, ಅದರ ಕಿವಿ ನೋಡು, ಅದು ಬಾಯಿ ತೆಗೀತು, ನೀನೂ ತೆಗಿ ಅಂತ ಹೇಳಿ ತುತ್ತು ಇಡ್ತೀವಿ. ನಮ್ಮವ್ವ ನನಗೆ ಹಂಗೇ ಇಟ್ಟಳು. ಈ ಊರಲ್ಲಿ ಬೆಳೆದೋರೆಲ್ಲ ನಿನ್ನ ಆ ಕಲೆ ನೋಡ್ಕೊಂಡೇ ಉಂಡು ಬೆಳೆದೋರು.

ಚಂದಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಹೆಂಗೆ ಗೊತ್ತಾಗಬೇಕು ಹೇಳು. ಮದುವೆಮನೆ ಜಂಬದ ಮಾತು ಆಕಾಶಕ್ಕೆ ಕೇಳಿಸತ್ತೆ, ತಾಯಿ ಮಗುವಿನ ಕಿವೀಲಿ ಪಿಸುಗುಟ್ಟಿದ್ದು ಅಷ್ಟು ದೂರ ಹೋಗತ್ತಾ?

ಆಮೇಲೆ ಮುಖಾನ ಸಾಕವ್ವನ ಕಡೆ ಚಾಚಿ, ನಿಧಾನವಾಗಿ ತೊಳಿ ಅಕ್ಕಾ, ಉರೀತದೆ ಅಂದನಂತೆ.

ಸಾಕವ್ವ ಈ ಸಲ ನಾರು ಮುಟ್ಟಲಿಲ್ಲ, ಹುಳಿ ಮುಟ್ಟಲಿಲ್ಲ. ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ತಂದು, ತಾಯಿಯ ಹಳೇ ಸೀರೆ ತುಂಡು ಅದ್ದಿ, ಎಳೆ ಮಗುವಿನ ಮುಖ ಒರೆಸೋ ಹಾಗೆ ಒತ್ತಿ ಒತ್ತಿ ಒರೆಸಿದಳು. ಮೆತ್ತಿದ್ದೆಲ್ಲ ಕರಗಿ ಕೆರೆ ನೀರಿಗೆ ಇಳೀತು. ಬೆಳದಿಂಗಳ ದಿನ ಕೆರೆ ಮೇಲೆ ಬೆಳ್ಳಗೆ ಮಿನುಗತ್ತಲ್ಲ, ಅದು ಅವತ್ತು ಬಿದ್ದದ್ದು, ಇನ್ನೂ ಪೂರ್ತಿ ಕರಗಿಲ್ಲ. ಮೊದಲು ಒಂದು ಕಿವಿ ಕಾಣಿಸ್ತು. ಮಾದು ಅಳು ನಿಲ್ಲಿಸಿದ. ಆಮೇಲೆ ಇನ್ನೊಂದು ಕಿವಿ, ಆಮೇಲೆ ದುಂಡು ಬೆನ್ನು, ಆಮೇಲೆ ಮೂತಿ. ಮಾದು ಎರಡು ಕೈಯೂ ಎತ್ತಿ ಮೊಲಾ ಅಂತ ಕಿರುಚಿ ನಕ್ಕ. ನಕ್ಕ ಬಾಯಿಗೆ ಸಾಕವ್ವ ತುತ್ತು ಇಟ್ಟಳು. ಇನ್ನೊಂದು ಇಟ್ಟಳು. ಬಟ್ಟಲು ಕೆರೆದು ಕೆರೆದು ಇಟ್ಟಳು. ಚಂದಪ್ಪ ಬಗ್ಗಿ ನೋಡ್ತಿದ್ದೋನು, ಮಗು ಬಾಯಿ ತೆಗೆದಾಗಲೆಲ್ಲ ತಾನೂ ಬಾಯಿ ತೆಗೀತಿದ್ದನಂತೆ! ನನ್ನನ್ನ ನೋಡಿ ಒಂದು ಜೀವ ಉಂಡಿತಲ್ಲ ಅಂತ ಅವನಿಗೆ ಹೊಟ್ಟೆ ತುಂಬಿದಂಗೆ ಆಯ್ತು.

ಆದರೆ ಮುಖ ನೋಡಿದ್ರೆ ಸವೆದಿದೆ, ದದ್ದು ಎದ್ದಿದೆ. ಸಾಕವ್ವ ಅಂದಳು, ಇನ್ನು ಏನೂ ಹಚ್ಚಬಾರದು ಕಣಪ್ಪಾ. ತಣ್ಣೀರಲ್ಲಿ ತೊಳ್ಕೊಂಡು ಒಂಚೂರು ಬೆಣ್ಣೆ ಸವರ್ಕೊಂಡು ಕತ್ತಲೆಯಲ್ಲಿ ಮಲಗು, ಚರ್ಮಕ್ಕೂ ಸುಸ್ತಾಗತ್ತೆ. ಮಗು ಊಟ ಏನು ಮಾಡತ್ತೆ ಅಂದ ಅವನು. ನೀನು ಬರೋವರೆಗೂ ನಿನ್ನ ಕತೆ ಹೇಳಿ ಉಣ್ಣಿಸ್ತೀನಿ ಹೋಗು ಅಂದಳು. ಅವನು ಮನೆಗೆ ಹೋಗಿ ಬಾಗಿಲು ಹಾಕ್ಕೊಂಡ. ಅದೇ ಮೊದಲನೇ ಅಮಾವಾಸ್ಯೆ. ಆ ಸಂಜೆ ಊರಿನ ತಾಯಂದಿರೆಲ್ಲ ಕತ್ತಲೆ ಹಿತ್ತಲಲ್ಲಿ ಕೂತು, ಚಂದಪ್ಪ ಬೆಣ್ಣೆ ಸವರ್ಕೊಂಡು ಮಲಗಿದಾನೆ, ಮೊಲವೂ ಅವನ ಪಕ್ಕ ಮಲಗಿದೆ ಅಂತ ಶುರು ಮಾಡಿದರಂತೆ, ಮಕ್ಕಳು ಹೂಂ ಹೂಂ ಅಂತ ಬಾಯಿ ತೆಗೆದವಂತೆ. ಆಮೇಲೆ ಹೊಸ ಚರ್ಮ ಒಂದು ಎಳೆ ಬಂತು, ಇನ್ನೊಂದು ಎಳೆ ಬಂತು, ಹಂಗೇ ತುಂಬ್ತಾ ತುಂಬ್ತಾ ಒಂದು ದಿನ ಮೊಲದ ಸಮೇತ ದುಂಡಗೆ ಬಂದು ನಿಂತ.

ಹಂಗಂತ ಚಂದಪ್ಪ ಪೂರ್ತಿ ಬುದ್ಧಿ ಕಲಿತ ಅಂದ್ಕೋಬೇಡ. ಚಂದ ಆಗಬೇಕು ಅನ್ನೋ ಆಸೆ ಯಾರನ್ನ ಬಿಟ್ಟಿದೆ? ತಿಂಗಳಿಗೊಂದು ಸಲ ಏನಾದರೂ ಹಚ್ಚಕ್ಕಾ ಅಂತ ಬರೋನಂತೆ. ಆಗಲಿ ಅನ್ನೋಳು ಸಾಕವ್ವ, ಆದರೆ ಮೊದಲು ಬೆನ್ನು ತಿರುಗಿಸು ಅನ್ನೋಳು. ಅವನಿಗೆ ಬೆನ್ನು ಅಂತ ಒಂದಿದೆ ಅನ್ನೋದು ಅವಳಿಗೆ ಅವತ್ತು ಹೊಳೆದಿರಲೇ ಇಲ್ಲ ನೋಡು! ಅವನ ಬೆನ್ನ ತುಂಬ ಈಗ ಹಳದಿ ಬೊಟ್ಟುಗಳಂತೆ, ಅದಕ್ಕೇ ನಾಚ್ಕೊಂಡು ಇವತ್ತಿನವರೆಗೂ ನಮಗೆ ಬೆನ್ನು ತೋರಿಸಿಲ್ಲ. ಹಚ್ಚಿಸ್ಕೊಂಡ ಮೇಲೆ ಚರ್ಮಕ್ಕೆ ಸುಸ್ತು ಅಂತ ತಿಂಗಳಿಗೊಂದು ರಾತ್ರಿ ಬಾಗಿಲು ಹಾಕ್ಕೊಂಡು ಮಲಗ್ತಾನೆ, ಅದೇ ಅಮಾವಾಸ್ಯೆ. ಸಾಕವ್ವ ಆ ಹಳೇ ಜಂಬದ ಮಾತು ಬಿಟ್ಟೇಬಿಟ್ಟಳು. ಹೆಣ್ಣಿನ ಮುಖ ಒರೆಸಿ ಕನ್ನಡಿ ಕೊಡೋ ಮುಂಚೆ, ಕಾಡಿಗೆ ತಗೊಂಡು ಕೆನ್ನೆ ಮೇಲೆ ಒಂದು ಬೊಟ್ಟು ಇಡೋಳು, ಇದು ಚಂದಪ್ಪನ ಮೊಲದ ಮರಿ ಅನ್ನೋಳು. ಜನ ಅದನ್ನ ದೃಷ್ಟಿಬೊಟ್ಟು ಅಂತಾರೆ, ಅನ್ನಲಿ ಬಿಡು. ಮಾದು ಉಂಡು ಉಂಡು ಗುಂಡಗಾಗಿ, ಉಡಿದಾರ ಸಾಲದೆ ಹೊಸದು ಕಟ್ಟಿದರಂತೆ. ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಹಿಂಗಿದೀವಿ.

ಹೂಂ ಅನ್ನೋದು ಸಣ್ಣಗಾಯ್ತು. ಇನ್ನೊಂದು ಮಾತು ಕೇಳಿ ಮಲಗು. ಯಾರು ಏನಂದ್ರೋ ಶಾಲೇಲಿ, ನಿನ್ನ ಕೆನ್ನೆ ಮಚ್ಚೆ ಮುಚ್ಚೋಕೆ ತಾನೇ ಡಬ್ಬಿ ಬಳ್ಕೊಂಡಿದ್ದು? ನನ್ನ ಕಣ್ಣಿಗೆ ಪೊರೆ ಬಂದಿದೆ ಕಂದಾ. ಎಲ್ಲರ ಮುಖವೂ ನನಗೆ ಹಬೆಯಲ್ಲಿ ಕಂಡ ಹಾಗೆ ಮಸುಕು. ನೀನು ಬಂದಾಗ ಮಾತ್ರ ಆ ಕಪ್ಪು ಮಚ್ಚೆ ಕಾಣತ್ತೆ, ಅದನ್ನ ನೋಡಿ ಬಂದ್ಯಾ ಕೂಸೇ ಅಂತೀನಿ. ಇವತ್ತು ಸಂಜೆ ಬಾಗಿಲಲ್ಲಿ ಯಾರೋ ನಿಂತಿದ್ರು, ಮಚ್ಚೆ ಇರಲಿಲ್ಲ. ಯಾರವ್ವಾ ನೀನು ಅಂತ ಕೇಳಿದ್ದು ತಮಾಷೆಗಲ್ಲ ಮಗಳೇ. ನಿಜವಾಗ್ಲೂ ಗೊತ್ತಾಗಲಿಲ್ಲ.

ಮಲಗಿದ್ಯಾ? ಮಲಗು. ಎಲ್ಲಿ ಕೆನ್ನೆ... ಹಾಂ, ಇಲ್ಲಿದೆ. ಚಂದಪ್ಪನೂ ಮಲಗಿದ, ಮೊಲವೂ ಮಲಗ್ತು, ಕತೆಯೂ ಮುಗೀತು.